ನೆಲದ ಮೇಲಿಟ್ಟ ಸ್ಪೀಕರ್

ಅಲ್ಲಲ್ಲ, ಆ ಕುರ್ಚಿ ಬೇಡ ಕುಶಲಕ್ಕ, ಅದರ ಒಂದು ಕಾಲು ಗಟ್ಟಿ ಇಲ್ಲ. ಇಲ್ಲಿ ಸೋಫಾದಲ್ಲಿ ಕೂತ್ಕೊಳ್ಳಿ. ಇಲ್ಲಿಂದ ಎರಡೂ ಸರಿಯಾಗಿ ಕೇಳ್ತದೆ. ಚಹಾ ಆಮೇಲೆ... ಮೊದಲು ಕೆಲಸ. ಆರು ಗಂಟೆಗೆ ಅಂಗಡಿಯ ರೂಪೇಶ್ ಬಂದು ಬೇಡದ್ದನ್ನು ವಾಪಸ್ ತೆಗೊಂಡು ಹೋಗ್ತಾನೆ. ಅಷ್ಟರ ಒಳಗೆ ಈ ಎರಡರಲ್ಲಿ ಒಂದನ್ನು ಆರಿಸಬೇಕು. ನೀವೇ ಆರಿಸಬೇಕು.

ಯಾಕೆ ನಗ್ತೀರಿ? ಇದೆಲ್ಲ ನಿಮಗೆ ಗೊತ್ತಾಗುವುದಿಲ್ಲ ಅಂತಲಾ? ಗೊತ್ತಾಗಲಿಕ್ಕೆ ಎಂತ ಉಂಟು ಇದರಲ್ಲಿ? ಸ್ಪೀಕರ್ ಡಾಕ್ ಅಂತ ಹೆಸರು. ಮೊಬೈಲನ್ನು ಹೀಗೆ ಇದರ ತಲೆಯ ಮೇಲೆ ಕೂರಿಸಿದರೆ ಆಯ್ತು. ಚಾರ್ಜೂ ಆಗ್ತದೆ, ಹಾಡೂ ಬರ್ತದೆ. ನಮ್ಮ ಮನೆಯವರು ಸೆವರಿನ್ ಹೇಳ್ತಿದ್ರು, ಹಡಗು ಬಂದು ನಿಲ್ಲುವುದೂ ಡಾಕ್, ಹಾಡು ಬಂದು ನಿಲ್ಲುವುದೂ ಡಾಕ್, ಪೆನ್ಶನ್ ಆದ ಮೇಲೂ ನನಗೆ ಡ್ಯೂಟಿ ತಪ್ಪಲಿಲ್ಲ ಅಂತ. ಬಂದರಿನಲ್ಲಿ ಮೂವತ್ತೊಂದು ವರ್ಷ ಕ್ರೇನ್ ನಡೆಸಿದವರಲ್ವಾ.

ಈ ಲಿಲ್ಲಿ ಟೀಚರ್ ಆರು ತಿಂಗಳ ಮೇಲೆ ಫೋನ್ ಮಾಡಿ ಕರೆದಳು ಅಂತ ನೀವು ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಬಂದ ಹಾಗೆ ಕಾಣ್ತದೆ. ಕುತ್ತಿಗೆಯಲ್ಲಿ ಟೇಪು ಹಾಗೇ ಉಂಟು. ಇರಲಿ, ತೆಗೀಬೇಡಿ. ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಕೇಳಿ, ಇದು ಬಿಳಿಯದು. ಸಣ್ಣದು... ದನಿ ಚೊಕ್ಕ, ಅಲ್ವಾ? ಹಾಡುವವನು ಉಸಿರು ಎಳೆದುಕೊಳ್ಳುವುದೂ ಕೇಳ್ತದೆ. ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ ನೋಡಿ. ಸ್ಪಷ್ಟತೆಗೆ ಹತ್ತರಲ್ಲಿ ಎಂಟು. ದನಿಯ ಜೋರಿಗೆ ಹತ್ತರಲ್ಲಿ ಮೂರು. ಎಂತ ಮಾಡುವುದು, ಸ್ಪೀಕರಿಗೂ ಮಾರ್ಕ್ಸ್ ಕೊಡುವ ಅಭ್ಯಾಸ ಆಗಿ ಹೋಗಿದೆ. ಒಳ್ಳೆಯ ಹುಡುಗಿ ಇದು, ಮೊದಲ ಬೆಂಚಿನದು. ನನಗೆ ಬೇಡ.

ಈಗ ಇದು. ಕಪ್ಪು. ಎತ್ತಲಿಕ್ಕೇ ಭಾರ. ಇದನ್ನು ಮೇಜಿನ ಮೇಲೆ ಇಡುವುದಿಲ್ಲ, ನೆಲದ ಮೇಲೆ ಇಡ್ತೇನೆ. ಇಲ್ಲಿ. ಇಲ್ಲಿದ್ದ ಚಾಪೆಯನ್ನು ಬೆಳಿಗ್ಗೆಯೇ ತೆಗೆದಿದ್ದೇನೆ, ಬರಿಯ ಟೈಲ್ಸ್ ಇರಲಿ ಅಂತ. ಬಾಗಿಲಿನಿಂದ ಏಳು ಹೆಜ್ಜೆ, ಕಿಟಕಿಯಿಂದ ನಾಲ್ಕು. ಕೇಳಿ... ಕಿವಿಗಲ್ಲ, ಕಾಲಿಗೆ ಗೊತ್ತಾಯ್ತಾ? ಪಾದದಿಂದ ಮೇಲೆ ಬರ್ತದೆ. ರೂಪೇಶ್ ಪಾಪ, ಒಳ್ಳೆಯವನು. ನೆಲಕ್ಕೆ ಇಡಬೇಡಿ ಟೀಚರೆ, ಕೆಳಗಿನ ಮನೆಯವರಿಗೆ ತಲೆ ಮೇಲೆ ಕುಟ್ಟಿದ ಹಾಗೆ ಆಗ್ತದೆ ಅಂದ. ಎಷ್ಟು ಕುಟ್ಟಿದ ಹಾಗೆ ಅಂತ ಕೇಳಿದೆ. ಅವನಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಏಳು ಹೆಜ್ಜೆ, ನಾಲ್ಕು ಹೆಜ್ಜೆ. ಕೆಳಗೆ ಆ ಜಾಗದಲ್ಲಿ ನಿಮ್ಮ ಮಂಚ, ಅಲ್ವಾ?

ಈಗ ನಗುವುದಿಲ್ಲ ನೀವು.

ಇರಿ, ಏಳಬೇಡಿ. ಹಾಡು ನಿಲ್ಲಿಸ್ತೇನೆ, ಮಾತಾಡುವ. ಆರು ತಿಂಗಳಿಂದ ನಾವು ಮಾತಾಡಿಲ್ಲ. ಮೆಟ್ಟಿಲಲ್ಲಿ ಸಿಕ್ಕಿದರೆ ನಾನು ಗೋಡೆ ನೋಡಿಕೊಂಡು ಹೋಗ್ತೇನೆ, ನೀವು ಸೆರಗು ಸರಿ ಮಾಡಿಕೊಂಡು ದಾರಿ ಬಿಡ್ತೀರಿ. ಯಾಕೆ ಅಂತ ನೀವು ಒಮ್ಮೆಯೂ ಕೇಳಿಲ್ಲ. ಯಾಕೆ ಕೇಳಿಲ್ಲ? ಗೊತ್ತುಂಟು, ಅದಕ್ಕೇ ಕೇಳಿಲ್ಲ.

ಅವರಿಗೆ ಕಿವಿ ಮಂದ ಆದದ್ದು ನಿಮಗೆ ಗೊತ್ತಿತ್ತು. ಅಷ್ಟು ವರ್ಷ ಕ್ರೇನಿನ ಪೆಟ್ಟಿಗೆಯಲ್ಲಿ ಕೂತವರು. ಜೋರಾಗಿ ಹಾಕಿದರೆ ಮಾತ್ರ ಕೇಳ್ತಿತ್ತು. ಕಿವಿಗೆ ಸಿಕ್ಕಿಸುವುದು ತಂದುಕೊಟ್ಟೆ, ಅದು ಬೇಡ ಅಂದ್ರು. ಅದನ್ನು ಹಾಕಿದರೆ ಮತ್ತೆ ಆ ಪೆಟ್ಟಿಗೆಯಲ್ಲಿ ಒಬ್ಬನೇ ಕೂತ ಹಾಗೆ ಆಗ್ತದೆ ಲಿಲ್ಲಿ, ಹಾಡು ಕೋಣೆಯಲ್ಲಿ ಇರಲಿ, ನಿನಗೂ ಕೇಳಲಿ ಅಂತ. ಕಿಡ್ನಿ ಹೋದ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ನೀರು ಅಳೆದು ಕೊಡಬೇಕು, ಬಾಳೆಹಣ್ಣು ಇಲ್ಲ, ಉಪ್ಪಿನಕಾಯಿ ಇಲ್ಲ, ಮೀನು ಒಂದು ತುಂಡು. ಅಳೆಯದೆ ಸಿಗ್ತಿದ್ದದ್ದು ಆ ಹಾಡು ಒಂದೇ. ಏಳು ಹಾಡು. ಅವರಿಗೆ ಏಳೇ ಸಾಕಿತ್ತು. ಮುಗಿದರೆ ಮತ್ತೆ ಮೊದಲಿನಿಂದ.

ಆಮೇಲೆ ಜೂನ್ ಇಪ್ಪತ್ತಕ್ಕೆ ಆ ಹಾಡಿನ ಬಗ್ಗೆ ಅಸೋಸಿಯೇಶನಿನ ನೋಟಿಸು ಬಂತು. ಅವರು ಓದಿದ್ರು. ಎರಡು ಸಲ ಓದಿದ್ರು. ಸ್ವಲ್ಪ ಕಡಿಮೆ ಮಾಡಿ ಹಾಕಿ ಅಂದೆ ನಾನು. ಕಡಿಮೆ ಮಾಡಿದರೆ ಅವರಿಗೆ ಕೇಳಬೇಕಲ್ಲ? ಮೂರು ದಿನ ಬಿಟ್ಟು ಅವರೇ ಡಾಕಿನ ವಯರು ಸುತ್ತಿ, ಕಾವೂರಿನ ನಮ್ಮ ಅಳಿಯ ಮರ್ವಿನ್ ಬಂದಾಗ ಕೊಟ್ಟುಬಿಟ್ಟರು. ಅವನೂ ಬೇಡ ಅನ್ನಲಿಲ್ಲ. ಅವನ ಮನೆಯಲ್ಲಿ ಅದು ಒಂದು ತಿಂಗಳಲ್ಲಿ ಕೆಟ್ಟಿತು. ಜೂನ್ ಇಪ್ಪತ್ತರಿಂದ ಆಗಸ್ಟ್ ಹನ್ನೆರಡು, ಅವರು ತೀರಿಹೋದ ದಿನದವರೆಗೆ. ಐವತ್ತಮೂರು ದಿನ. ನೋಟಿಸು ಬಂದ ಮೇಲೆ ಅವರು ಒಂದು ಹಾಡೂ ಕೇಳಲಿಲ್ಲ. ಫ್ಯಾನಿನ ಸದ್ದು, ಕೆಳಗಿನಿಂದ ನಿಮ್ಮ ಹೊಲಿಗೆ ಮಿಷನಿನ ಸದ್ದು. ಅದಕ್ಕೆ ನೋಟಿಸು ಬರಲಿಲ್ಲ ನೋಡಿ.

ಎಂತ ಹೇಳ್ತೀರಿ ಈಗ?

ನಾನು ಎಲ್ಲರಿಗೂ ಹೇಳಿದ್ದೇನೆ ಕುಶಲಕ್ಕ. ಮುಚ್ಚಿಡುವುದಿಲ್ಲ. ನನ್ನ ತಂಗಿ ಆನ್ಸಿಗೆ ಹೇಳಿದೆ, ಮರ್ವಿನ್‌ಗೆ ಹೇಳಿದೆ, ಇಗರ್ಜಿಯಲ್ಲಿ ಅವರ ತಿಂಗಳ ಪೂಜೆ ಮುಗಿದು ಊಟಕ್ಕೆ ಕೂತಾಗ ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ. ಒಂದನೇ ಮಾಳಿಗೆಯ ಆ ಹೆಂಗಸು, ಸಾಯುವ ಮನುಷ್ಯನ ಹಾಡು ನಿಲ್ಲಿಸಿದವಳು ಅಂತ. ಮೂರನೇ ಮಾಳಿಗೆಯ ನಾಝಿಮಾ ನಿಮ್ಮ ಹತ್ತಿರ ಬ್ಲೌಸ್ ಕೊಡುವುದನ್ನು ಬಿಟ್ಟಳಲ್ಲ, ಯಾಕೆ ಅಂತ ಗೊತ್ತುಂಟಾ? ಈಗ ಗೊತ್ತಾಯ್ತಾ? ಜುಲೈಯಲ್ಲಿ ನೀವು ಪತ್ರೊಡೆ ಮಾಡಿ ಕಳಿಸಿದ್ರಿ, ಸ್ಟೀಲ್ ಡಬ್ಬದಲ್ಲಿ. ನಾನು ಡಬ್ಬ ತೊಳೆದು ಖಾಲಿಯೇ ನಿಮ್ಮ ಬಾಗಿಲಲ್ಲಿ ಇಟ್ಟು ಬಂದೆ. ಬೆಲ್ ಮಾಡಲಿಲ್ಲ. ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು, ಒಂದು ಚಮಚ ಸಕ್ಕರೆಯಾದರೂ ಹಾಕಬೇಕು ಅಂತ ನನಗೆ ಗೊತ್ತಿಲ್ಲದ್ದಲ್ಲ. ನನ್ನ ತಾಯಿ ಕಲಿಸಿದ್ದಾರೆ. ಗೊತ್ತಿದ್ದೇ ಖಾಲಿ ಇಟ್ಟೆ.

ಹಾಗೆ ನೋಡಬೇಡಿ ನನ್ನನ್ನು. ಬೈಯಿರಿ ಬೇಕಾದರೆ. ತುಳುವಿನಲ್ಲೇ ಬೈಯಿರಿ, ನನಗೆ ಅರ್ಥ ಆಗ್ತದೆ.

ಮೆಟ್ಟಿಲಲ್ಲಿ ನೀವೇ ಹೇಳಿದ್ದಲ್ವಾ? ಜೂನ್ ಹದಿನೆಂಟಕ್ಕೆ, ನಾನು ಶಾಲೆಯಿಂದ ಬರುವಾಗ. ನಿಮ್ಮ ಹಾಡು ಕೆಳಗೂ ಕೇಳ್ತದೆ ಟೀಚರೆ ಅಂದ್ರಿ. ಹೌದೋ ಅಲ್ಲವೋ? ... ಹೌದು, ಅಷ್ಟೇ ಅಂದದ್ದು. ಕಷ್ಟ ಆಗ್ತದೆ ಅಂತ ಅನ್ನಲಿಲ್ಲ, ಒಪ್ತೇನೆ. ಆದರೆ ಯಾರಾದರೂ ಸುಮ್ಮನೆ ಹಾಗೆ ಹೇಳ್ತಾರಾ? ನಮ್ಮೂರಿನಲ್ಲಿ ಬೇಡ ಅನ್ನುವುದನ್ನು ನೇರ ಹೇಳುವವರು ಯಾರಿದ್ದಾರೆ? ನಿಮ್ಮ ಮಾವಿನ ಎಲೆ ನಮ್ಮ ಅಂಗಳಕ್ಕೆ ಬೀಳ್ತದೆ ಅಂದರೆ ಗೆಲ್ಲು ಕಡಿಯಿರಿ ಅಂತ ಅರ್ಥ. ನಾನು ಹಾಗೇ ಅರ್ಥ ಮಾಡಿಕೊಂಡೆ. ತಪ್ಪಾ?

ಮತ್ತೆ ನೀವು ವಿನೀತ್‌ಗೆ ದೂರು ಕೊಟ್ರಿ. ವಿನೀತ್ ನನಗೆ ಹೇಳಿದ, ನೋಟಿಸು ಬರೆದು ಕೊಡಿ ಅಂತ. ಸೆಕ್ರೆಟರಿ ಅವನಾದರೂ ಕನ್ನಡದಲ್ಲಿ ಬರೆಯುವುದು ನಾನೇ ಅಲ್ವಾ... ನೀರಿನ ನೋಟಿಸು, ಪಾರ್ಕಿಂಗಿನ ನೋಟಿಸು, ನಾಯಿಯ ನೋಟಿಸು. ಹನ್ನೊಂದು ವರ್ಷದಿಂದ ಈ ಕಟ್ಟಡದ ಒಂದೊಂದು ನೋಟಿಸೂ ನನ್ನ ಅಕ್ಷರ. ಹಾಗೆ, ನನ್ನ ಗಂಡನ ಮೇಲೆ ಬಂದದ್ದನ್ನೂ ನನ್ನ ಕೈಯಲ್ಲೇ ಬರೆಸಿದ್ರಿ ನೀವು. ತೋರಿಸ್ತೇನೆ, ಇರಿ. ಇಟ್ಟಿದ್ದೇನೆ, ಬಿಸಾಡಲಿಲ್ಲ. ಓದಿ. ಕನ್ನಡಕ ತರಲಿಲ್ಲವಾ? ನಾನೇ ಓದ್ತೇನೆ. "ನಿವಾಸಿಗಳ ಗಮನಕ್ಕೆ. ಎರಡನೇ ಮಾಳಿಗೆಯಿಂದ ದಿನವಿಡೀ ಜೋರಾಗಿ ಬರುವ ಹಾಡಿನಿಂದ ಕೆಳಗಿನ ಮನೆಯವರಿಗೆ ತೊಂದರೆಯಾಗುತ್ತಿದೆ ಎಂದು ದೂರು ಬಂದಿರುತ್ತದೆ." ಕೆಳಗಿನ ಮನೆಯವರು. ಯಾರು ಅದು? ಈ ಮನೆಯ ಕೆಳಗೆ ಎಷ್ಟು ಮನೆ ಉಂಟು?

ಎಂತ ಹುಡುಕ್ತೀರಿ ಕಾಗದದಲ್ಲಿ? ತಿರುಗಿಸಬೇಡಿ, ಹಿಂದೆ ಎಂತದೂ ಬರೆದಿಲ್ಲ.

ಬೆರಳು ಅಲ್ಲಿ ಯಾಕೆ ಇಡ್ತೀರಿ?

... ಸೀಲಾ? ಸೀಲು ಇಲ್ಲ. ಅಸೋಸಿಯೇಶನಿನ ಸೀಲು ವಿನೀತನ ಮನೆಯಲ್ಲಿ ಇರ್ತದೆ. ಅವತ್ತು ಅವನು ಊರಲ್ಲಿ ಇರಲಿಲ್ಲ, ಮದುವೆಗೆ ಹೋಗಿದ್ದ. ಹೌದು, ಜೂನ್ ತಿಂಗಳು ಪೂರ್ತಿ ಅವನು ಮಸ್ಕತ್‌ನಲ್ಲಿ ಅಣ್ಣನ ಮನೆಯಲ್ಲಿ... ಇಲ್ಲ, ಅವನು ಫೋನಿನಲ್ಲಿ ಹೇಳಿದ್ದು. ನೀವು ಅವನಿಗೆ ಫೋನ್ ಮಾಡಿದ್ರಿ, ಅವನು ನನಗೆ... ಕೆಳಗೆ ಬೋರ್ಡಿಗೆ ಯಾಕೆ ಹಾಕಲಿಲ್ಲ ಅಂತ ಕೇಳ್ತೀರಾ? ಕೇಳಿ. ಬಾಯಿ ಬಿಟ್ಟು ಕೇಳಿ. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳು ನಾನು, ಸುಳ್ಳು ಹೇಳುವವರು ನೆಪಕ್ಕೆ ಎಷ್ಟು ಮದುವೆ ಹುಟ್ಟಿಸ್ತಾರೆ ಅಂತ ನನಗೆ ಗೊತ್ತಿಲ್ವಾ?

ಆ ಟೇಪನ್ನು ಬೆರಳಿಗೆ ಸುತ್ತಬೇಡಿ. ನೋಡ್ಲಿಕ್ಕೆ ಆಗುವುದಿಲ್ಲ.

ಬೋರ್ಡಿಗೆ ಹಾಕಲಿಲ್ಲ. ಈ ಒಂದೇ ಪ್ರತಿ. ಶಾಲೆಯಲ್ಲಿ, ಊಟದ ಬಿಡುವಿನಲ್ಲಿ ಕೂತು ಬರೆದದ್ದು. ಸಂಜೆ ಬಂದು, ಬಾಗಿಲ ಅಡಿಯಲ್ಲಿ ಯಾರೋ ತುರುಕಿದ್ದಾರೆ ನೋಡಿ ಅಂತ ಅವರ ಕೈಗೆ ಕೊಟ್ಟೆ. ಕೆಳಗಿನ ಕುಶಲಕ್ಕ ಮೊನ್ನೆಯೇ ಮೆಟ್ಟಿಲಲ್ಲಿ ನನ್ನನ್ನು ತಡೆದು ಹೇಳಿದ್ರು ಅಂತಲೂ ಸೇರಿಸಿದೆ.

ಏಳು ಹಾಡು, ಕುಶಲಕ್ಕ. ಇಡೀ ದಿನ ತರಗತಿಯ ಗಲಾಟೆ ಕೇಳಿ ಬಂದು ಬಾಗಿಲು ತೆಗೆದರೆ ಅದೇ ಏಳು ಹಾಡು. ಪಾತ್ರೆ ತೊಳೆಯುವಾಗ, ಅವರ ಮಾತ್ರೆ ಎಣಿಸುವಾಗ, ಪ್ರಾರ್ಥನೆಗೆ ಕೂತಾಗ... ತಲೆ ಒಡೆದು ಹೋಗ್ತಿತ್ತು. ನಲವತ್ತೆಂಟು ಮಕ್ಕಳನ್ನು ಒಂದು ಮಾತಿನಲ್ಲಿ ಸುಮ್ಮನಾಗಿಸುವವಳು ನಾನು. ಅವರಿಗೆ ನಿಲ್ಲಿಸಿ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ. ನೀರು ಬೇಡ, ಹಣ್ಣು ಬೇಡ ಅಂತ ದಿನಾ ಹೇಳುವವಳು ಇದೊಂದನ್ನೂ ಹೇಗೆ ಹೇಳುವುದು? ಅದಕ್ಕೆ ನಿಮ್ಮ ಹೆಸರು ಬೇಕಾಯ್ತು. ಒಂದು ವಾರ ಅಂತ ಮಾಡಿದೆ. ಒಂದು ವಾರ ನಾನು ಸರಿ ನಿದ್ದೆ ಮಾಡ್ತೇನೆ, ಆಮೇಲೆ ಕುಶಲಕ್ಕ ಒಪ್ಪಿದ್ರು ಅಂತ ಹೇಳಿ ಹಾಕಿಸ್ತೇನೆ ಅಂತ. ಅಷ್ಟರಲ್ಲಿ ಅವರು ಕೊಟ್ಟೇ ಬಿಟ್ಟರು. ಮತ್ತೆ ಮಾತಾಡಲಿಕ್ಕೆ ಆಗಲಿಲ್ಲ. ಅವರು ಹೋದ ಮೇಲೆ ಆನ್ಸಿ ಕೇಳಿದಳು, ಮನೆ ಯಾಕೆ ಇಷ್ಟು ಸದ್ದಿಲ್ಲದೆ ಆಗಿತ್ತು, ಭಾವ ಹಾಡು ಬಿಟ್ಟಿದ್ರಾ ಅಂತ. ನಿಮ್ಮ ಹೆಸರು ಆಗಲೇ ಬಾಯಲ್ಲಿ ಇತ್ತು. ಹೇಳ್ತಾ ಹೇಳ್ತಾ ನಿಜವೇ ಅನಿಸ್ಲಿಕ್ಕೆ ಶುರು ಆಯ್ತು. ನಿಮ್ಮನ್ನು ಕಂಡರೆ ಮೈ ಉರಿಯುತ್ತಿತ್ತು, ದೇವರಾಣೆ. ಈ ಕಪ್ಪು ಪೆಟ್ಟಿಗೆ ತರಿಸುವಾಗ ನಾನು ಎರಡನೇ ಸಲ ಯೋಚಿಸಲಿಲ್ಲ.

ಆದರೆ... ಒಂದು ನಿಮಿಷ.

ನಿಮಗೆ ಇದು ಹೊಸದಲ್ಲ. ನೀವು ಹೌಹಾರಲಿಲ್ಲ. ಬಂದಾಗಿನಿಂದ ನಾನು ಒಂದೊಂದೇ ಹೇರ್ತಾ ಇದ್ದೇನೆ, ನೀವು ಒಂದು ಸಲವೂ "ನಾನಲ್ಲ" ಅನ್ನಲಿಲ್ಲ. ಮಾಡದ ತಪ್ಪಿಗೆ ಯಾರು ಹೀಗೆ ಕೂತುಕೊಳ್ತಾರೆ? ನಾಝಿಮಾ ಬರುವುದು ನಿಂತಾಗಲೂ ಕೇಳಲಿಲ್ಲ. ಖಾಲಿ ಡಬ್ಬ ಕಂಡಾಗಲೂ ಮೇಲೆ ಬಂದು ಕೇಳಲಿಲ್ಲ.

ಯಾರು ಹೇಳಿದ್ರು ನಿಮಗೆ?

ಬುಧವಾರ. ಜೂನ್ ಇಪ್ಪತ್ತೆರಡು, ಅವರು ಡಾಕ್ ಕೊಟ್ಟುಬಿಡುವ ಹಿಂದಿನ ದಿನ. ಡಯಾಲಿಸಿಸ್‌ಗೆ ಹೊರಟಾಗ ನಾನು ಮೊದಲು ಇಳಿದು ರಿಕ್ಷಾ ಹಿಡಿದು ನಿಂತಿದ್ದೆ. ಅವರು ಬರಲಿಲ್ಲ, ಬರಲಿಲ್ಲ. ರಿಕ್ಷಾದವನು ಬೈದ. ಆಮೇಲೆ ಗೋಡೆ ಹಿಡಿದು ಇಳಿದು ಬಂದ್ರು, ಏದುಸಿರು ಬಿಡ್ತಾ. ಯಾಕೆ ಇಷ್ಟು ಹೊತ್ತು ಅಂದರೆ, ಒಂದನೇ ಮಾಳಿಗೆಯಲ್ಲಿ ಸ್ವಲ್ಪ ನಿಂತೆ ಲಿಲ್ಲಿ ಅಂದ್ರು. ಸುಸ್ತಾಗಿ ನಿಂತರು ಅಂತ ನಾನು...

ನಿಮ್ಮ ಬಾಗಿಲಿಗೆ ಬಂದಿದ್ರಾ?

ತಲೆಯಾದರೂ ಆಡಿಸಿ.

ಕ್ಷಮೆ ಕೇಳಲಿಕ್ಕೆ ಬಂದಿರಬೇಕು. ಅವರು ಹಾಗೆಯೇ. ನಮ್ಮಿಂದ ತೊಂದರೆ ಆಯ್ತು ಅಂತ ನಿಂತಿರಬೇಕು, ಆ ಊದಿದ ಕಾಲಲ್ಲಿ. ನೀವು ಎಂತ ದೂರು, ಯಾರು ಕೊಟ್ಟದ್ದು ಅಂತ ಕೇಳಿರಬೇಕು. ಆಗ ಗೊತ್ತಾಯ್ತು ಅವರಿಗೆ. ನನ್ನ ಅಕ್ಷರ, ಸೀಲು ಇಲ್ಲ, ನೀವು ದೂರು ಕೊಟ್ಟಿಲ್ಲ... ಎಲ್ಲ ಗೊತ್ತಾಯ್ತು. ಗೊತ್ತಾದ ಮೇಲೆ ಡಾಕ್ ಕೊಟ್ಟದ್ದು. ನಿಮಗೆ ಹೆದರಿ ಅಲ್ಲ. ನನಗೆ ಆ ಹಾಡು ಬೇಡ ಅಂತ ತಿಳಿದು ಕೊಟ್ಟದ್ದು. ಅಷ್ಟೂ ದಿನ ನನ್ನ ಎದುರು ಮಲಗಿ... ಒಂದು ಮಾತು ಕೇಳಲಿಲ್ಲ ನನ್ನನ್ನು.

ಕುಶಲಕ್ಕ, ನಿಮ್ಮ ಕಾಲು ಹಿಡೀತೇನೆ. ಒಂದು ಸಲ "ನಾನಲ್ಲ" ಅಂತ ಹೇಳಿ. ನಾನಲ್ಲ ಟೀಚರೆ, ನೀವು ಅಂತ, ನನ್ನ ಮುಖ ನೋಡಿ ಹೇಳಿ. ನಾನು ಕೇಳ್ತೇನೆ, ಒಪ್ತೇನೆ, ನಾಳೆ ಆನ್ಸಿಗೂ ನಾಝಿಮಾಗೂ ನಾನೇ ಹೋಗಿ ಹೇಳ್ತೇನೆ. ನೀವು ಹೇಳಿದರೆ ಸಾಕು.

ಹೇಳುವುದಿಲ್ಲವಾ?

ಯಾಕೆ ಕಣ್ಣು ಒರೆಸ್ತೀರಿ... ಅವರು ಏನಾದರೂ ಕೇಳಿಕೊಂಡಿದ್ರಾ ನಿಮ್ಮ ಹತ್ತಿರ, ಆ ಬಾಗಿಲಲ್ಲಿ? ನಾನು ಎಂದಾದರೂ ಕೇಳಿದರೆ ದೂರು ನಿಮ್ಮದೇ ಅಂತ ಇರಲಿ, ತಪ್ಪು ಲಿಲ್ಲಿಯ ಮೇಲೆ ಬರುವುದು ಬೇಡ ಅಂತ?

ಅವರಿಗೆ ಮಾತು ಕೊಟ್ಟಿದ್ದೀರಾ?