417ನೇ ಪುಟದ ಖಾಲಿ ಚೌಕ

ಹೇಳಿಕೆ ಕೊಡುವವನು: ಕಚೇರಿಯಲ್ಲೂ ಮನೆಯಲ್ಲೂ ಅಂಟಣ್ಣ ಎಂದೇ ಕರೆಸಿಕೊಳ್ಳುವವನು. ವಯಸ್ಸು 52. ಉದ್ಯೋಗ: ಸರ್ಕಾರಿ ದಾಖಲೆ ಕೋಣೆಯಲ್ಲಿ ಬೈಂಡರ್. ವಾಸ: ಈ ಠಾಣೆಯ ಹಿಂದಿನ ರಸ್ತೆ, ನೀರಿನ ಟ್ಯಾಂಕಿನ ಎದುರು ಎರಡನೇ ಮನೆ.

ಹೆಂಡತಿಯದೊಂದನ್ನು ಬಿಟ್ಟರೆ ಬೇರಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿ, ಈ ಮೂಲಕ ತಿಳಿಸುವುದೇನೆಂದರೆ:

ಇಪ್ಪತ್ತೊಂಬತ್ತು ವರ್ಷಗಳಿಂದ ಹಳೆಯ ದಫ್ತರಗಳಿಗೆ ಹೊಸ ರಟ್ಟು ಕಟ್ಟುತ್ತಿದ್ದೇನೆ. ಕಳೆದ ಸೋಮವಾರ ಬೆಳಿಗ್ಗೆ 10.40ಕ್ಕೆ ಮೇಲ್ವಿಚಾರಕಿ ಮೇಡಂ ಬೆನ್ನು ಕಿತ್ತುಹೋದ ದಫ್ತರವೊಂದನ್ನು ನನ್ನ ಮೇಜಿನ ಮೇಲಿಟ್ಟರು. ಬ್ರಿಟಿಷ್ ದೊರೆಗಳು ನಮ್ಮ ಜನರನ್ನು ಹಡಗು ಹತ್ತಿಸಿ ಸಮುದ್ರದಾಚೆಯ ಕಬ್ಬಿನ ತೋಟಗಳಿಗೆ ಸಾಗಿಸುವಾಗ ಬರೆಸಿಕೊಂಡ ಕರಾರುಗಳು ಅದರಲ್ಲಿದ್ದವು. ಪುಟಕ್ಕೆ ಒಬ್ಬ ಮನುಷ್ಯ. ಎತ್ತರ, ಮೈಮೇಲಿನ ಗುರುತು, ಐದು ವರ್ಷದ ದುಡಿಮೆ, ಹಡಗು ಹೊರಡುವ ವಾರ, ವೇಳೆ, ಕೆಳಗೆ ಹೆಬ್ಬೆಟ್ಟು. ಕೈಬರಹ ಬಹಳ ಮುದ್ದಾಗಿತ್ತು ಎಂದು ಒಪ್ಪಲೇಬೇಕು. ಎತ್ತು ಕೊಳ್ಳುವವರೂ ಇಷ್ಟು ವಿವರ ಬರೆದಿಡುವುದಿಲ್ಲ.

ಕೊನೆಯದಾದ 417ನೇ ಪುಟದಲ್ಲಿ ಹೆಬ್ಬೆಟ್ಟಿನ ಚೌಕ ಖಾಲಿಯಿತ್ತು. ಪಕ್ಕದಲ್ಲಿ ಕೆಂಪು ಶಾಯಿಯ ಇಂಗ್ಲಿಷಿನಲ್ಲಿ, ಈತ ಓಡಿಹೋಗಿದ್ದಾನೆ, ಬದಲಿ ಆಳು ಬೇಕು ಎಂದಿರುವುದನ್ನು ಮೇಡಂ ಓದಿ ಹೇಳಿದರು. ಓಡಿದವನೇ ಜಾಣ ಎಂದು ಇಬ್ಬರೂ ನಕ್ಕೆವು.

ಅಂಟು ಒಣಗಿತೇ ಎಂದು ಕೊನೆಯ ಪುಟದ ಕೆಳಮೂಲೆಯಲ್ಲಿ ಹೆಬ್ಬೆರಳು ಒತ್ತಿ ನೋಡುವುದು ನಮ್ಮ ಕಸುಬಿನ ರೂಢಿ. ಮಧ್ಯಾಹ್ನ 12.05ಕ್ಕೆ ಒತ್ತಿದೆ. ಚೌಕ ಆ ಮೂಲೆಯಲ್ಲೇ ಇದ್ದುದನ್ನು ಕೈ ತೆಗೆದ ಮೇಲೆ ಕಂಡೆ. ನನ್ನ ಬೆರಳಿಗೆ ಶಾಯಿ ಅಂಟಿರಲಿಲ್ಲ. ಚೌಕದಲ್ಲಿ ಕಪ್ಪು ಗುರುತು ಬಿದ್ದಿತ್ತು.

ಮಂಗಳವಾರ 9.10ಕ್ಕೆ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಕೊಟ್ಟೆ. ನನ್ನ ಸಂಖ್ಯೆ 22. ಯಂತ್ರ 417 ಎಂದು ತೋರಿಸಿತು. ಕಚೇರಿಯಲ್ಲಿರುವುದೇ ಮೂವತ್ತೊಂದು ಜನ. ಬಡ್ತಿ ಸಿಕ್ಕಿರಬೇಕು ಎಂದು ಮೇಡಂ ತಮಾಷೆ ಮಾಡಿ, ಹೋಗಿ ದಫ್ತರ ತೆರೆದು ನೋಡಿದರು. ಆಮೇಲೆ ತಮಾಷೆ ಮಾಡಲಿಲ್ಲ. ಓಡಿಹೋದವನ ವಿವರಗಳನ್ನು ಹೊಡೆದುಹಾಕಿ, ಅದೇ ಮುದ್ದಾದ ಕೈಬರಹದಲ್ಲಿ, ಐದು ಅಡಿ ನಾಲ್ಕು ಅಂಗುಲ, ಎಡಗಿವಿಯ ಹಿಂದೆ ಮಚ್ಚೆ ಎಂದು ಬರೆದಿತ್ತು. ನನ್ನ ಎತ್ತರ ಅಷ್ಟೇ. ಮಚ್ಚೆಯ ವಿಷಯ ನನಗೆ ತಿಳಿದಿರಲಿಲ್ಲ. ಮನೆಗೆ ಹೋಗಿ ಹೆಂಡತಿಯಿಂದ ನೋಡಿಸಿದೆ. ಇದೆ.

ಬುಧವಾರ ಬೆಳಿಗ್ಗೆ 6.30ಕ್ಕೆ ಎದ್ದಾಗ ಎರಡೂ ಅಂಗೈಗಳಲ್ಲಿ ಬೊಬ್ಬೆಗಳಿದ್ದವು. "ಕುಡಿದ ಲೋಟ ಎತ್ತಿಡದ ಕೈಗೆ ಬೊಬ್ಬೆ ಎಲ್ಲಿಂದ ಬಂತು ರೀ?" ಎಂದು ಹೆಂಡತಿ ಕೇಳಿದಳು. ಬಳಿಕ ಎಣ್ಣೆ ಹಚ್ಚಿ, ನನ್ನ ಕೈ ಬಿಡದೆ ಇಪ್ಪತ್ತು ನಿಮಿಷ ಕುಳಿತಳು. ಹಾಸಿಗೆಯಲ್ಲಿ ಕಬ್ಬಿನ ಹಸಿ ಗರಿಯೊಂದು ಸಿಕ್ಕಿತು. ಅದನ್ನು ಹಾಜರುಪಡಿಸಿದ್ದೇನೆ.

ಹಡಗು ಹೊರಡುವುದು ಗುರುವಾರ ಸಂಜೆ 4.00ಕ್ಕೆ ಎಂದು ಕರಾರಿನಲ್ಲಿದೆ. ಇಂದು ಗುರುವಾರ. ಮಧ್ಯಾಹ್ನ 2.15ಕ್ಕೆ ಠಾಣೆಗೆ ಬಂದು, ನಾಲ್ಕೂವರೆಯ ತನಕ ನನ್ನನ್ನು ಲಾಕಪ್ಪಿನಲ್ಲಿ ಕೂಡಿಹಾಕಬೇಕೆಂದು ಕೋರಿದೆ. ತಪ್ಪು ಮಾಡದವನನ್ನು ಒಳಗೆ ಹಾಕಲು ಇದೇನು ಬ್ರಿಟಿಷರ ಕಾಲವೇ ಎಂದು ಹೆಡ್ ಕಾನ್‌ಸ್ಟೇಬಲ್ ಗದರಿದರು. ಆದ್ದರಿಂದ ಸರ್ಕಾರಿ ದಾಖಲೆ ಕೆಡಿಸಿದ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಆಗ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಅವರಿಗೆ ಹೇಳಿದ್ದು ಇಷ್ಟು: "ಅಣ್ಣಾ, ಬೀಗ ಎರಡು ಹಾಕಿ. ಇವರು ಯಾರು ಕರೆದ್ರೂ ಇಲ್ಲ ಅನ್ನಲ್ಲ."

ಈಗ 3.35. ನಾನು ಆಡಿದ್ದನ್ನೇ ಬರೆದು, ಓದಿ ಹೇಳಿದ್ದಾರೆ. ಹೆಚ್ಚಿಲ್ಲ, ಕಡಿಮೆಯಿಲ್ಲ, ಎಲ್ಲವೂ ನಿಜ. ನನಗೆ ಅಕ್ಷರ ಬರುವುದರಿಂದ ಸಹಿ ಮಾಡಿದ್ದೇನೆ. ಹೆಬ್ಬೆಟ್ಟು ಒತ್ತಿಲ್ಲ. ಸಹಿಯ ಕೆಳಗೆ ಕಾಣುವ ಕಪ್ಪು ಗುರುತು, ಈ ಹಾಳೆಯನ್ನು ಹೊಸ ಕಟ್ಟಿನಿಂದ ತೆಗೆದು ನನ್ನ ಮುಂದಿಟ್ಟಾಗಲೇ ಇತ್ತು.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನ: ಗುರುವಾರ
(ಸಹಿ) ಅಂಟಣ್ಣ

ಹೆಡ್ ಕಾನ್‌ಸ್ಟೇಬಲ್ ಷರಾ, ಸಂಜೆ 4.10: ಬೀಗಗಳೆರಡೂ ಹಾಕಿದಂತೆಯೇ ಇವೆ, ಆಸಾಮಿ ಒಳಗಿಲ್ಲ. ಲಾಕಪ್ಪಿನ ನೆಲ ಒದ್ದೆಯಾಗಿದೆ, ಉಪ್ಪುಪ್ಪು ವಾಸನೆ. ಆ ಹೆಣ್ಣುಮಗಳು ಇನ್ನೂ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಅವರಿಗೆ ಏನೆಂದು ಹೇಳಬೇಕು, ಮೇಲಧಿಕಾರಿಗಳು ತಿಳಿಸಬೇಕು.