ಯಂತ್ರ ಕೆಟ್ಟಿದೆ

ಫೋನು ಒಳಗಿಡಿ. ದೀಪ ಬೇಕಾದರೆ ಇರಲಿ.

ಇದು ಬೈಲಹೊಂಗಲದಲ್ಲಿ ಆದದ್ದು. ನನ್ನ ಅಕ್ಕನ ಮನೆ ಇರುವ ಓಣಿಯಲ್ಲೇ ಸಿದ್ಧಾರೂಢ ಅಂತ ಒಬ್ಬ ಸಾವ್ಕಾರ ಇದ್ದಾನೆ, ಸಿಮೆಂಟು-ಕಬ್ಬಿಣದ ಅಂಗಡಿಯವನು. ಅವನಿಗೆ ಆದದ್ದು. ಅವನ ಹೆಂಡತಿ ಭಾಗೀರಥಿ ನನ್ನ ಅಕ್ಕನ ಮುಂದೆ ಕೂತು, ಬಾಯಿಗೆ ಸೆರಗು ಹಚ್ಚಿಕೊಂಡು ಹೇಳಿದ್ದು.

ಆ ರಾತ್ರಿ ಸಿದ್ಧಾರೂಢ ಕಿತ್ತೂರಿನಲ್ಲಿ ಸನ್ಮಾನ ಮಾಡಿಸಿಕೊಂಡು ಬರುತ್ತಿದ್ದ. ಪರಂಪರೆ ಉಳಿಸಿದನಂತೆ, ಅದಕ್ಕೆ. ಗೆಳೆಯನ ಕಾರು ಮುರಗೋಡ ರಸ್ತೆಯ ತಿರುವಿನಲ್ಲಿ ಇಳಿಸಿ ಹೋಯಿತು. ಮುಂದೆ ಕಚ್ಚಾ ದಾರಿ. ಹೆಗಲಲ್ಲಿ ಶಾಲು, ಕಂಕುಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟ ಹಿತ್ತಾಳೆ ಆನೆ. ಕುಡಿದಿದ್ದನೇನು ಅಂತ ಕೇಳಬೇಡಿ. ಸ್ವಂತ ದುಡ್ಡಲ್ಲಿ ಕುಡಿಯುವ ಪೈಕಿ ಅಲ್ಲ ಅವನು. ಆ ರಾತ್ರಿ ಯಾರೂ ಕುಡಿಸಿರಲಿಲ್ಲ.

ದಾರಿಯಲ್ಲಿ ಒಂದು ಹಾಳು ಬಾವಿ. ಬಾವಿ ದಾಟಿದರೆ ಅವನ ಪ್ಲಾಟು, ಅದರಲ್ಲೊಂದು ತಗಡಿನ ಶೆಡ್ಡು. ಆನೆಯನ್ನು ಶೆಡ್ಡಿನಲ್ಲಿ ಚಂದಗೆ ಇಟ್ಟು ಮನೆಗೆ ಹೋಗೋಣ ಅಂತ ಅವನ ಲೆಕ್ಕ. ಮರುದಿನ ಬೆಳಗಾವಿಯಿಂದ ದೊಡ್ಡ ಮಂದಿ ಶೆಡ್ಡಿನ ಸಾಮಾನು ನೋಡಲು ಬರುವವರಿದ್ದರು.

ಬಾವಿಯ ಹತ್ತಿರ ಸಪ್ಪಳ ಕೇಳಿತು.

ಟಕ್... ಟಕ್... ಟುಕ್.

ನಿಂತ. ಸಪ್ಪಳವೂ ನಿಂತಿತು. ಬಾವಿಯಲ್ಲಿ ಕಪ್ಪೆ ನೀರಿಗೆ ಬಿತ್ತು... ಪುಳಕ್. ಆಮೇಲೆ ಏನಿಲ್ಲ. ಮತ್ತೆ ಹೆಜ್ಜೆ ಇಟ್ಟ.

ಟಕ್... ಟಕ್... ಟುಕ್.

ಕಬ್ಬಿಣದ ಮೇಲೆ ಕಬ್ಬಿಣ. ಮೂರನೆಯದು ಮೆತ್ತಗೆ, ನಡುವೆ ಏನೋ ಹಸಿಯದು ಸಿಕ್ಕಂತೆ. ಬಾವಿಯಿಂದಲ್ಲ. ಶೆಡ್ಡಿನಿಂದ.

ಆ ಶೆಡ್ಡಿನಲ್ಲಿ ಏನಿತ್ತು ಅಂತ ಮೊದಲು ಹೇಳಬೇಕು. ಹೊಟ್ಟೆ ತುಂಬಿದವರಿಗೆ ಒಂದೊಂದು ಹುಚ್ಚು. ಇವನಿಗೆ ಮುಚ್ಚಿಹೋದ ಪಾರ್ಕುಗಳ ಬೋರ್ಡಿನ ಹುಚ್ಚು. 'ರಾಕ್ಷಸನ ಗವಿಗೆ ದಾರಿ.' 'ರಾಜಕುಮಾರಿಯನ್ನು ಮುಟ್ಟಬೇಡಿ.' 'ಮತ್ಸ್ಯಕನ್ಯೆ ಊಟಕ್ಕೆ ಹೋಗಿದ್ದಾಳೆ.' ಹಿಂದೆ ಇಂಥ ಕಡೆ ಮಾರುತ್ತಿದ್ದ ಸಾಮಾನೂ ಬೇಕು ಇವನಿಗೆ: ತಗಡಿನ ಕಿರೀಟ, ಮಾಯಾ ಕನ್ನಡಿ, ಹೊಟ್ಟೆಯಲ್ಲಿ ರಾಕ್ಷಸನ ಜೀವ ಇಟ್ಟುಕೊಂಡ ಗಿಳಿಯ ಕೀಲಿಗೊಂಚಲು. ಬೋರ್ಡು ಬರೆದ ಪೇಂಟರ್ ಯಾರಪ್ಪಾ ಅಂತ ಕೇಳಿದರೆ ಗೊತ್ತಿಲ್ಲ. ತುಕ್ಕು ಎಷ್ಟು ವರ್ಷದ್ದು ಅಂತ ಕೇಳಿ, ನಿಂತಲ್ಲೇ ಹೇಳುತ್ತಾನೆ. ತುಕ್ಕಿಗೆ ಇದ್ದ ಮರ್ಯಾದೆ ಮನುಷ್ಯನಿಗೆ ಇರಲಿಲ್ಲ ಅವನ ಹತ್ತಿರ. ಶಾಲು ಹೊದಿಸಿದರು ನೋಡಿ, ಆ ಮಂದಿಗೂ ಅಷ್ಟೇ ಬುದ್ಧಿ.

ಇದೆಲ್ಲದರ ನಡುವೆ ಅಜ್ಜಿ.

ಸವದತ್ತಿಯಿಂದ ಉಗರಗೋಳದ ಕಡೆ ಹೋಗುವ ದಾರಿಯಲ್ಲಿ ಒಂದಾನೊಂದು ಕಾಲಕ್ಕೆ 'ಏಳು ಸಮುದ್ರ' ಅಂತ ಪಾರ್ಕು ಇತ್ತು. ದೇವಿಯ ದರ್ಶನ ಮುಗಿಸಿ ಗುಡ್ಡದಿಂದ ಇಳಿದ ಮಂದಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಆಳೆತ್ತರದ ಒಂದು ಫೈಬರಿನ ಅಜ್ಜಿ, ಕಾಲು ಚಾಚಿ ಕೂತದ್ದು. ಪಕ್ಕದಲ್ಲಿ ಬೋರ್ಡು: 'ಮಾತಾಡುವ ಅಜ್ಜಿ. ವಿದೇಶಿ ಯಂತ್ರ. ಕತೆಗೆ ಹ್ಞೂಂ ಅನ್ನಿರಿ.'

ನಮ್ಮ ಕಡೆ ಅದು ಇದ್ದದ್ದೇ ಅಲ್ಲವೇ? ಕತೆ ಹೇಳುವವರ ಎದುರು ಕೂತವರು ಹ್ಞೂಂ ಅನ್ನಲೇಬೇಕು. ಹ್ಞೂಂ ನಿಂತರೆ ಕತೆ ನಿಂತಿತು.

ಯಂತ್ರ ಒಂದು ತಿಂಗಳಲ್ಲಿ ಕೆಟ್ಟಿತು. ಮಾಲೀಕ ಏನು ಮಾಡಿದ? ಅಜ್ಜಿಯ ಬೆನ್ನಿಗೆ ಬಾಗಿಲು ಕೊರೆಸಿದ. ಉಗರಗೋಳದ ಬಾಯವ್ವನನ್ನು ಒಳಗೆ ಕೂರಿಸಿದ, ಕೈಗೆ ಮೈಕು ಕೊಟ್ಟ. ಮಕ್ಕಳು ಬಾಗಿಲು ತೆಗೆದು ನೋಡಿಬಿಟ್ಟಾರು ಅಂತ ಹೊರಗಿನಿಂದ ಚಿಲಕ ಹಾಕಿಸಿದ. ಬಾಯವ್ವ ದಿನವಿಡೀ ಒಳಗೆ ಕೂತು ಕತೆ ಹೇಳುತ್ತಿದ್ದಳು. ನಡುನಡುವೆ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು... ಟಕ್ ಟಕ್ ಟುಕ್. ಅದೇನು ಸಪ್ಪಳ ಅಂತ ಯಾರಾದರೂ ಕೇಳಿದರೆ, ಒಳಗಿನ ಗಾಲಿ ತಿರುಗೋದು ಅಂತ ಮಾಲೀಕ ಹೇಳುತ್ತಿದ್ದ. ನಂಬಿದರು. ಬಾಯವ್ವನ ಕೈಯಿಂದ ನೀರು ಇಸಿದುಕೊಳ್ಳದ ಜಾತಿಯವರು ಎದುರು ಸಾಲಾಗಿ ಕೂತು, ಮಕ್ಕಳ ಕೂಡ ತಾವೂ ಹ್ಞೂಂ ಅಂದರು. ಒಳಗಿನದು ಬಾಯವ್ವ ಅಂತ ಗೊತ್ತಾದರೆ ಮೈಲಿಗೆ. ಯಂತ್ರ ಅಂದರೆ ಅಡ್ಡಿಯಿಲ್ಲ.

ಒಂದು ಭಾನುವಾರ, ಉರಿ ಬಿಸಿಲು. ಬಾಯವ್ವ ರಾಕ್ಷಸ ಹುಡುಗಿಯನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದ ಕತೆ ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ಅಂದಳು, ಬಾಗಿಲು ತೆಗೀರಿ. ಮಕ್ಕಳು ಹ್ಞೂಂ ಅಂದವು. ಬಾಗಿಲು ತೆಗೀರಿ ಅಂದಳು. ಹ್ಞೂಂ ಅಂದವು. ಮೂರನೇ ಸಲ ದನಿ ಬಹಳ ಸಣ್ಣದಾಗಿತ್ತಂತೆ. ಆಗಲೂ ಹ್ಞೂಂ ಅಂದವು, ಮುಂದಿನದಕ್ಕೆ ಕಾದವು. ಮುಂದೆ ಏನೂ ಬರಲಿಲ್ಲ. ಮಾಲೀಕ ಬಂದು ಅಜ್ಜಿಯ ಕೊರಳಿಗೆ ಒಂದು ಹಳೆಯ ಬೋರ್ಡು ನೇತುಹಾಕಿ ಊಟಕ್ಕೆ ಹೋದ. ಬೋರ್ಡಿನ ಮೇಲೆ ಬರೆದದ್ದು: 'ಯಂತ್ರ ಕೆಟ್ಟಿದೆ.'

ಸಂಜೆ ಬಾಗಿಲು ತೆಗೆದರು. ಹೆಣ ತೆಗೆದು, ಬಿಸಿಲಿಗೆ ಸತ್ತಳು ಅಂತ ಬರೆದು ಮುಗಿಸಿದರು. ಮಾಲೀಕ ಬಾಗಿಲ ಮೇಲೆ ತಗಡು ಬಡಿದು ರಿವೀಟು ಹೊಡೆಸಿದ. ವರ್ಷದೊಳಗೆ ಪಾರ್ಕೂ ಮುಚ್ಚಿತು.

ಇದೆಲ್ಲ ಗೊತ್ತಿದ್ದೇ ಸಿದ್ಧಾರೂಢ ಅಜ್ಜಿಯನ್ನು ಕೊಂಡದ್ದು. ಗೊತ್ತಿದ್ದದ್ದಕ್ಕೇ ಕೊಂಡದ್ದು. ಆ ಬೋರ್ಡು ಕೊರಳಲ್ಲೇ ಇರಬೇಕು ಅಂತ ಹಟ ಹಿಡಿದು ತಂದ. ಬಂದವರಿಗೆ ತೋರಿಸಿ ನಗುತ್ತಿದ್ದ. ಬಂದವರೂ ನಗುತ್ತಿದ್ದರು.

ಸನ್ಮಾನಕ್ಕೆ ಕೆಲವು ದಿನ ಮುಂಚೆ ಬಾಯವ್ವನ ಮಗಳು ಮಹಾನಂದಾ ಅವನ ಅಂಗಡಿಗೆ ಬಂದಳು. ಈಗ ಅವಳು ಯರಗಟ್ಟಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಆಗ ಪಾರ್ಕಿನ ಗೇಟಿನಲ್ಲಿ ಗಿಳಿಯ ಕೀಲಿಗೊಂಚಲು ಮಾರುತ್ತಿದ್ದವಳು ಅವಳೇ. ಸಿದ್ಧಾರೂಢ ಅವಳಿಗೆ ಕುಂತ್ಕೋ ಅನ್ನಲಿಲ್ಲ.

"ಸಾವ್ಕಾರ್ರ, ಅಜ್ಜಿನ್ನ ನೀವ ಇಟ್ಕೋರಿ," ಅಂದಳು. "ಬೆನ್ನಿನ ಬಾಗಲಾ ಒಂದು ತಗೀರಿ. ಅವ್ವ ಇನ್ನೂ ಒಳಗ ಅದಾಳ."

ಅವನಿಗೆ ನಗು. "ನೋಡವಾ, ಆ ರಿವೀಟ ಅಸಲಿ, ಆಗಿನವು. ಒಂದ ಬಿಚ್ಚಿದ್ರೂ ಮಾಲ್ ಕೆಡತೈತಿ. ಒಳಗ ನಿಮ್ಮವ್ವ ಅದಾಳಂದ್ರ ಚಲೋನ ಆತು, ಬೆಲಿ ಏರತೈತಿ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ನಿಂತಲ್ಲೇ ಅಂದಳು, "ಗೇಟಿನ್ಯಾಗ ಮೈಕಿನ ಹಾರ್ನ್ ಇತ್ರಿ. ಬಾಗಲಾ ತಗೀರಿ ಅಂದದ್ದು ನನಗೂ ಕೇಳ್ತು. ಕತ್ಯಾಗಿನ ಮಾತ ಅಂತ ತಿಳದು... ನಾನೂ ಹ್ಞೂಂ ಅಂದೆ."

ಅವನು ಫೋನಿನ ಮೇಲೆ ಬೆರಳಾಡಿಸುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ. "ಹ್ಞೂಂ," ಅಂದ.

ಅವಳು ಹೋದಳು.

ಈಗ ಶೆಡ್ಡಿನ ಹತ್ತಿರ ಬರ್ರಿ.

ಕೀಲಿ ತೆಗೆದ. ಶಟರು ಎತ್ತಿದ... ಘರ್ರ್. ಒಳಗಿನ ಸಪ್ಪಳ ನಿಂತಿತು. ದೀಪ ಹಚ್ಚಿದ. ಬೋರ್ಡುಗಳು ಇದ್ದಲ್ಲೇ ಇದ್ದವು. ಅಜ್ಜಿ ಕಾಲು ಚಾಚಿ ಕೂತಿದ್ದಳು, ಕೊರಳಲ್ಲಿ 'ಯಂತ್ರ ಕೆಟ್ಟಿದೆ'. ಎಲೆ ಅಡಿಕೆಯ ವಾಸನೆ. ಹಳೆಯದಲ್ಲ, ಈಗ ಜಜ್ಜಿದ್ದು.

ಕಳ್ಳರು ಅಂದುಕೊಂಡ. ಅವನಂಥವರಿಗೆ ಮೊದಲು ನೆನಪಾಗುವವರು ಕಳ್ಳರೇ. ಮನೆಗೆ ಫೋನು ಹಚ್ಚಿದ, ದನಿ ತಗ್ಗಿಸಿ ಕೇಳಿದ.

"ಶೆಡ್ಡಿಗೆ ಯಾರರ ಬಂದಿದ್ರೇನ?"

"ಯಾರ್ ಬರತಾರ್ರಿ. ಕೀಲಿ ನಿಮ್ಮ ಕಡೆ ಐತಿ," ಅಂದಳು ಭಾಗೀರಥಿ. ಅವಳು ನಿದ್ದೆಗಣ್ಣಲ್ಲಿದ್ದಳು. ಆಮೇಲೆ ಅವಳ ದನಿಯೂ ಇಳಿಯಿತು. "ಅಲ್ರಿ... ಅಲ್ಲೆ ಯಾರ್ ಅಡಿಕಿ ಕುಟ್ಟಾಕತ್ತಾರ?"

ಟಕ್... ಟಕ್... ಟುಕ್. ಅಜ್ಜಿಯ ಹೊಟ್ಟೆಯಿಂದ.

ಅಜ್ಜಿಯ ಬಾಯಿಯ ಸ್ಪೀಕರಿಗೆ ತಂತಿ ಇರಲಿಲ್ಲ. ತರುವಾಗಲೇ ಕತ್ತರಿಸಿ ತಂದಿದ್ದರು. ಆದರೂ ಅದರಲ್ಲಿ ಮೊದಲು ಗೊರಗೊರ ಬಂತು, ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಮಾತು.

"ರಾಕ್ಷಸ ಚಿಲಕಾ ಹಾಕ್ಕೊಂಡು ಹ್ವಾದ... ಹುಡುಗಿ ಒಳಗ ಉಳದ್ಲು... ಉರಿ ಅಂದ್ರ ಉರಿ..."

ನಿಂತಿತು. ಕಾಯುತ್ತಿತ್ತು.

ಸಿದ್ಧಾರೂಢನ ಕಂಕುಳಿಂದ ಗಾಜಿನ ಪೆಟ್ಟಿಗೆ ಜಾರಿ ಬಿತ್ತು... ಛಳ್. ಆನೆ ಉರುಳಿ ಅಜ್ಜಿಯ ಪಾದಕ್ಕೆ ಹೋಗಿ ತಾಗಿತು. ಓಡಬಹುದಿತ್ತು. ಶಟರು ತೆರೆದೇ ಇತ್ತು.

"ಬಾಗಲಾ ತಗೀರಿ," ಅಂದಿತು ದನಿ. ಬೇಡುವ ದನಿ ಅಲ್ಲ. ದಣಿದದ್ದು.

ಫೋನಿನಲ್ಲಿ ಭಾಗೀರಥಿಗೂ ಕೇಳಿತು. ಅವಳು ಪಿಸುಗುಟ್ಟಿದಳು, "ತಗದ್ಬಿಡ್ರಿ... ಕೈ ಮುಗೀತೇನಿ, ತಗೀರಿ."

ಗೋಡೆಗೆ ಸುತ್ತಿಗೆ ಇತ್ತು, ಉಳಿಯೂ ಇತ್ತು. ತೆಗೆದುಕೊಂಡ. ಇದು ಅವನೇ ಆಮೇಲೆ ಹೆಂಡತಿಗೆ ಹೇಳಿದ್ದು. ಅಜ್ಜಿಯ ಬೆನ್ನಿನ ಕಡೆ ಹೋದ. ಉಳಿಯನ್ನು ರಿವೀಟಿನ ಮೇಲೆ ಇಟ್ಟ. ಸುತ್ತಿಗೆ ಎತ್ತಿದ. ಒಂದು ಏಟು, ಅಷ್ಟೇ ಬೇಕಾಗಿದ್ದದ್ದು. ತಗಡಿನ ಆಚೆ ಯಾರೋ ಉಸಿರು ಹಿಡಿದು ಕೂತದ್ದು ಅವನಿಗೆ ಗೊತ್ತಾಗುತ್ತಿತ್ತು.

ಆಗ ನಾಳೆ ಬರುವ ಬೆಳಗಾವಿ ಮಂದಿಯ ನೆನಪಾಯಿತು.

"ರಿವೀಟ್ ಹೋದ್ರ ಏನೂ ಉಳ್ಯಾಂಗಿಲ್ಲ," ಅಂದನಂತೆ ಫೋನಿನಲ್ಲಿ. ದೆವ್ವದ ಮುಂದೆ ನಿಂತು, ಉಚ್ಚೆ ಹೊಯ್ದುಕೊಳ್ಳುವ ಹೊತ್ತಿನಲ್ಲಿ, ಬೆಲೆ ಕಟ್ಟುತ್ತಿದ್ದ ಆ ಮನುಷ್ಯ. ಉಳಿ ಕೆಳಗಿಟ್ಟ. ಸುತ್ತಿಗೆಯನ್ನೂ ಇಟ್ಟ.

"ಬಾಗಲಾ ತಗೀರಿ."

ಏನಾದರೂ ಅನ್ನಬೇಕಲ್ಲ. ಬಾಯಿಗೆ ಸುಲಭವಾಗಿ ಬಂದದ್ದು ಅಂದ.

"ಹ್ಞೂಂ."

ಕತೆ ಮುಂದೆ ಹೋಯಿತು. ಭಾಗೀರಥಿಗೆ ಅಲ್ಲಿಂದ ಮುಂದೆ ಆ ದನಿ ಕೇಳಲಿಲ್ಲ. ಗಂಡನ ದನಿ ಮಾತ್ರ. ಸ್ವಲ್ಪ ಹೊತ್ತು ಏನಿಲ್ಲ... ಆಮೇಲೆ ಹ್ಞೂಂ. ಮತ್ತೆ ಏನಿಲ್ಲ... ಹ್ಞೂಂ. ಎಷ್ಟು ಕೂಗಿದರೂ ಅವಳಿಗೆ ಉತ್ತರ ಕೊಡಲಿಲ್ಲ. ಕೊನೆಗೆ ಅವನ ಫೋನಿನ ಬ್ಯಾಟರಿ ಮುಗಿಯಿತು.

ಬೆಳಕು ಹರಿಯುವ ಮೊದಲೇ ಅವಳು ಶೆಡ್ಡಿಗೆ ಹೋದಳು. ಅಜ್ಜಿಯ ಎದುರು ನೆಲದ ಮೇಲೆ ಕೂತಿದ್ದ, ಸಣ್ಣ ಹುಡುಗರು ಕೂತಂತೆ ಚಕ್ಕಂಬಕ್ಕಳ ಹಾಕಿಕೊಂಡು, ಮೈಮೇಲೆ ಸನ್ಮಾನದ ಶಾಲು. ಕಣ್ಣು ತೆರೆದೇ ಇತ್ತು. ಭಾಗೀರಥಿ ಡಾಕ್ಟರಿಗೆ ಫೋನು ಮಾಡಲಿಲ್ಲ. ಯರಗಟ್ಟಿಗೆ ಮಾಡಿದಳು. ಆ ಮನೆಯಲ್ಲಿ ಬುದ್ಧಿ ಇದ್ದದ್ದು ಅವಳಿಗೊಬ್ಬಳಿಗೇ.

ಮಹಾನಂದಾ ಬಂದಳು. ಕೆಳಗೆ ಬಿದ್ದಿದ್ದ ಉಳಿ, ಸುತ್ತಿಗೆ ಎತ್ತಿಕೊಂಡಳು. ಟಣ್... ಟಣ್... ಟಣ್... ಒಂದೊಂದೇ ರಿವೀಟು ಹಾರಿಸಿದಳು. ತಗಡು ಕಿತ್ತು ಎಸೆದಳು. ಬಾಗಿಲು ತೆಗೆದಳು. ಒಳಗೆ ಒಂದು ಸ್ಟೂಲು, ಕುಟ್ಟಾಣಿ, ಎಲೆ ಅಡಿಕೆಯ ಚೀಲ. ಬಾಗಿಲ ಒಳಮೈಯಲ್ಲಿ ಬೆರಳುಗಳ ಗೀರು. ಅದನ್ನು ನೋಡಿ ಅವಳು ಸ್ವಲ್ಪ ಹೊತ್ತು ಬಾಗಿಲಿಗೆ ಹಣೆ ಹಚ್ಚಿ ನಿಂತಳು.

"ತಗದೇನಿ ಬಾರವ್ವಾ," ಅಂದಳು. "ತಡಾ ಆತು."

ಹೋಗುವಾಗ ಅಜ್ಜಿಯ ಕೊರಳಿನ ಬೋರ್ಡು ಬಿಚ್ಚಿ ಬಾವಿಗೆ ಎಸೆದಳು. ಭಾಗೀರಥಿ ತಡೆಯಲಿಲ್ಲ.

ಅವತ್ತಿನಿಂದ ಶೆಡ್ಡಿನಲ್ಲಿ ಸಪ್ಪಳ ಇಲ್ಲ. ಬಾಗಿಲು ತೆಗೆದಾಯಿತು, ಹೋಗಬೇಕಾದವಳು ಹೋದಳು. ಆದರೆ ಸಿದ್ಧಾರೂಢನಿಗೆ ಅದು ತಿಳಿದಿಲ್ಲ. ಅಂಗಡಿಯಲ್ಲಿ ಕೂರುತ್ತಾನೆ, ವ್ಯಾಪಾರ ಮಾಡುತ್ತಾನೆ. ನೀವು ಸಿಮೆಂಟಿನ ದರ ಕೇಳುತ್ತಿದ್ದರೆ ನಡುವೆ ತಟ್ಟನೆ ತಲೆ ವಾರೆ ಮಾಡುತ್ತಾನೆ, ಹಿಂದಿನಿಂದ ಯಾರೋ ಕರೆದಂತೆ. ಹ್ಞೂಂ ಅನ್ನುತ್ತಾನೆ. ಮತ್ತೆ ದರ ಹೇಳುತ್ತಾನೆ. ಊಟದಲ್ಲೂ ಹ್ಞೂಂ. ನಿದ್ದೆಯಲ್ಲೂ ಹ್ಞೂಂ. ಆಕಿ ಏನ್ ಹೇಳತಾಳ್ರಿ ಅಂತ ಭಾಗೀರಥಿ ಒಂದು ಸಲ ಕೇಳಿದಳು. ಗೊತ್ತಿಲ್ಲ, ನಾ ಕೇಳಿಲ್ಲ ಅಂದನಂತೆ.

ನಾನು ಕಣ್ಣಾರೆ ನೋಡಿ ಬಂದದ್ದು. ನಗುವವರು ಬೈಲಹೊಂಗಲಕ್ಕೆ ಹೋಗಿ, ಒಂದು ಚೀಲ ಸಿಮೆಂಟಿಗೆ ಚೌಕಾಸಿ ಮಾಡಿ ನೋಡಿ. ಅದೂ ಸಾಲದು ಅಂದರೆ ಯರಗಟ್ಟಿಗೆ ಹೋಗಿ. ಮಹಾನಂದಾಳ ಹೊಲಿಗೆ ಮಷೀನಿನ ಮೇಲೆ ಅವ್ವನ ಸುಣ್ಣದ ಡಬ್ಬಿ ಇದೆ, ಆ ಎಲೆ ಅಡಿಕೆಯ ಚೀಲದಲ್ಲಿ ಸಿಕ್ಕದ್ದು. ಕೇಳಿದರೆ ಮುಚ್ಚಳ ತೆಗೆದು ತೋರಿಸುತ್ತಾಳೆ. ಅಷ್ಟು ವರ್ಷ ಆ ತಗಡಿನ ಹಿಂದೆ ಇದ್ದ ಸುಣ್ಣ. ನೀರು ಯಾರೂ ಹಾಕಿಲ್ಲ.

ನಾನು ಬೆರಳು ಹಚ್ಚಿ ನೋಡಿದೆ. ಹಸಿ ಇತ್ತು.