ಹಾಲಸ್ವಾಮಿಯ ಬಾಂದುಕಲ್ಲು

ಇದು ನಡೆದದ್ದು ಕಳೆದ ವರ್ಷ, ಕಾರ್ತಿಕದ ಅಮಾವಾಸ್ಯೆಯ ಹಿಂದಿನ ರಾತ್ರಿ, ನೊಣವಿನಕೆರೆ ಹತ್ತಿರದ ಒಂದು ತೆಂಗಿನ ತೋಟದಲ್ಲಿ. ನಡೆದದ್ದು ನನ್ನ ಚಿಕ್ಕಪ್ಪನ ಮಗಳು ಭವ್ಯಶ್ರೀಗೆ. ಅವಳದು ಜಮೀನು ಅಳೆಯುವ ಕೆಲಸ. ಇಲ್ಲದ್ದನ್ನು ಹೇಳುವ ಅಭ್ಯಾಸ ಅವಳಿಗಿಲ್ಲ.

ಅವಳನ್ನು ಅಳತೆಗೆ ಕರೆಸಿದ್ದ ಶಿವರುದ್ರಮ್ಮನ ತೋಟಕ್ಕೂ ಪಕ್ಕದ ರೇಣುಕಪ್ರಸಾದನ ತೋಟಕ್ಕೂ ನಡುವೆ ಒಂದು ಬಾಂದುಕಲ್ಲು. ರೇಣುಕಪ್ರಸಾದನ ತಾತ ಹಾಲಸ್ವಾಮಿ ಬದುಕಿದ್ದಾಗ ಅದನ್ನು ಶಿವರುದ್ರಮ್ಮನ ತೋಟದೊಳಕ್ಕೆ ಎರಡು ಸಾಲು ಮರದಷ್ಟು ಸರಿಸಿದ್ದ. ಊರಿಗೆಲ್ಲ ಗೊತ್ತು. ಆದರೆ ಅಳೆಯಲು ಬಂದವರೆಲ್ಲ ಸರಪಳಿಯ ತುದಿಯನ್ನು ಇಡುತ್ತಿದ್ದದ್ದು ಅದೇ ಕಲ್ಲಿನ ಮೇಲೆ. ಅಳತೆ ಪ್ರತಿ ಸಲವೂ ಹಾಲಸ್ವಾಮಿಯ ಕಡೆಗೇ ಬರುತ್ತಿತ್ತು.

ಮರುದಿನ ಬೆಳಿಗ್ಗೆ ರೇಣುಕಪ್ರಸಾದ ಆ ಕಲ್ಲಿನ ನೇರಕ್ಕೆ ಜೆಸಿಬಿಯಲ್ಲಿ ಗಡಿಯ ಟ್ರೆಂಚ್ ಹೊಡೆಸುವವನಿದ್ದ. ಹೊಡೆದರೆ ಶಿವರುದ್ರಮ್ಮನಿಗೆ ಎರಡು ಸಾಲು ಮರ ಹೋದಂತೆ. ಬಾವಿಯೂ ಹೋದಂತೆ.

ಭವ್ಯಶ್ರೀಗೆ ಆ ಕಲ್ಲು ಬೇಕಿರಲಿಲ್ಲ. ಸುತ್ತಲಿನ ಊರುಗಳ ಗಡಿ ಕೂಡುವ ಹಳೆಯ ಕಲ್ಲುಗಳನ್ನು ಹಗಲೆಲ್ಲ ಹುಡುಕಿ, ಅವುಗಳಿಗೆ ಹಳೆಯ ನಕ್ಷೆಯನ್ನು ಹೊಂದಿಸಿದ್ದಳು. ಉಳಿದದ್ದು, ಉಪಗ್ರಹಗಳಿಂದ ಜಾಗ ಗುರುತಿಸುವ ರಿಸೀವರ್ ಕೋಲು ಹಿಡಿದು, ಕಲ್ಲು ಇರಬೇಕಾದ ನಿಜವಾದ ಜಾಗಕ್ಕೆ ಹೋಗಿ ನಿಲ್ಲುವುದು. ಅಷ್ಟರಲ್ಲಿ ಕತ್ತಲಾಗಿತ್ತು.

ಮೊಬೈಲು ದಾರಿ ತೋರಿಸುವುದೂ ಇದೇ ಲೆಕ್ಕದಲ್ಲಿ. ಮೇಲಿನ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ಸಾರುತ್ತಲೇ ಇರುತ್ತವೆ. ಅದು ನಮ್ಮನ್ನು ಮುಟ್ಟಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ನಿಂತ ಜಾಗ ಸಿಕ್ಕಿತು. ರಿಸೀವರ್ ಅವಕ್ಕೆ ಏನನ್ನೂ ಹೇಳುವುದಿಲ್ಲ. ಕೇಳಿಸಿಕೊಳ್ಳುತ್ತದೆ, ಅಷ್ಟೆ.

"ಕತ್ಲಾದ್ಮೇಲೆ ಅಲ್ಲಿಗೆ ಯಾರೂ ಹೋಗಲ್ಲ ಕಣೇ," ಶಿವರುದ್ರಮ್ಮ ಪಿಸುಗುಟ್ಟಿದಳು. "ಹಾಲಸ್ವಾಮಿ ಬತ್ತಾನೆ."

"ಬರ್ಲಿ ಬುಡಕ್ಕ. ಬೆಳಿಗ್ಗೆ ಜೆಸಿಬಿನೇ ಬತ್ತದಂತೆ. ಅದಕ್ಕಿಂತ ದೊಡ್ಡೋನಾ ಇವ್ನು?"

ಒಬ್ಬಳೇ ಹೋದಳು. ಬಾವಿ ದಾಟಿದಳು. ಹಿಂದೆ ಒಣಗರಿ ಎಳೆದ ಸದ್ದು... ಪರ ಪರ ಪರ. ನಿಂತಳು. ಅದೂ ನಿಂತಿತು.

ಕೈಯಲ್ಲಿದ್ದ ಪರದೆ ನೋಡುತ್ತಾ ಮುಂದೆ ನಡೆದಳು. ಇನ್ನು ಮೂರು ಮೀಟರ್. ಒಂದು ಮೀಟರ್. ಕಲ್ಲಿನ ಮೇಲೆ ಹಾರೆ ಬಿದ್ದ ಸದ್ದು... ಠಣ್. ಸ್ವಲ್ಪ ಬಿಟ್ಟು, ಹತ್ತಿರದಲ್ಲಿ... ಠಣ್.

ಜಾಗ ಬಂತು. ಕೋಲು ಊರಿದಳು. ಗರಿಗಳ ಸಂದಿನಲ್ಲಿ ಆಕಾಶ ಕಾಣುತ್ತಿತ್ತು. ಕೋಲು ತಾನಾಗಿ ವಾಲಿತು. ನೆಟ್ಟಗೆ ಮಾಡಿದಳು. ಮತ್ತೆ ವಾಲಿತು. ಯಾರೋ ಇನ್ನೊಂದು ಕಡೆಯಿಂದ ಹಿಡಿದು ಎಳೆದಂತೆ.

ಕಿವಿಯ ಪಕ್ಕದಲ್ಲೇ ಮುದಿ ದನಿ. "ಇಲ್ಲಲ್ಲ... ಅತ್ಲಾಗೆ."

ಭವ್ಯಶ್ರೀ ತಿರುಗಿ ನೋಡಲಿಲ್ಲ. ಎರಡೂ ಕೈಯಲ್ಲಿ ಕೋಲನ್ನು ಬಿಗಿಯಾಗಿ ಹಿಡಿದಳು.

"ನೀವು ಹೇಳಿದ್ದು ಇದಕ್ಕೆ ಕೇಳ್ಸಲ್ಲ ತಾತ. ಇದು ಮೇಲಿಂದು ಮಾತ್ರ ಕೇಳ್ತದೆ."

"ಅತ್ಲಾಗೆ..."

"ಅಳ್ದೋರ್ಗೆಲ್ಲ ಹಂಗೇ ಹೇಳಿದ್ರಿ. ನಂಗೆ ಹೇಳ್ಬೇಡಿ."

ಕೋಲು ನೆಟ್ಟಗಿದೆಯೇ ಎಂದು ತೋರಿಸುವ ನೀರುಮಟ್ಟದ ಗುಳ್ಳೆ ನಡುವಿಗೆ ಬಂತು. ಉಪಕರಣ ಟಿಕ್ ಎಂದಿತು. ಜಾಗ ದಾಖಲಾಯಿತು. ಗೂಟ ಹೊಡೆಯಲಿಲ್ಲ. ರಾತ್ರಿ ಹೊಡೆದ ಗೂಟವನ್ನು ಯಾರೂ ಒಪ್ಪುವುದಿಲ್ಲ, ಬೆಳಿಗ್ಗೆ ಎಲ್ಲರೆದುರು ತೋರಿಸಬೇಕು. ಹೊರಟಾಗ ಸದ್ದಿರಲಿಲ್ಲ. ಓಡಲಿಲ್ಲ, ನಡೆದೇ ಬಂದೆ ಎಂದು ಅವಳು ಈಗಲೂ ಒತ್ತಿ ಹೇಳುತ್ತಾಳೆ.

ಬೆಳಿಗ್ಗೆ ಜೆಸಿಬಿ ಬಂತು. ಕಲ್ಲು ಇದ್ದಲ್ಲಿ ಇರಲಿಲ್ಲ. ಅಲ್ಲಿ ಗುಂಡಿಯೂ ಇರಲಿಲ್ಲ, ಹುಲ್ಲಿತ್ತು. ಕಲ್ಲು ಎರಡು ಸಾಲು ಆಚೆ, ರೇಣುಕಪ್ರಸಾದನ ಕಡೆ, ಮೊಳದುದ್ದ ಹೂತು ನಿಂತಿತ್ತು. ಬುಡದ ಮಣ್ಣು ಗಟ್ಟಿಯಾಗಿತ್ತು. ಸುತ್ತ ಇಬ್ಬನಿ ಕದಡಿರಲಿಲ್ಲ.

"ರಾತ್ರಿ ಯಾರ್ ಕಿತ್ತಿದ್ದು ಇದ್ನ?" ರೇಣುಕಪ್ರಸಾದ ಕೇಳಿದ.

"ನಿಮ್ ತಾತನ್ನೇ ಕೇಳಪ್ಪ," ಎಂದಳು ಶಿವರುದ್ರಮ್ಮ.

ಅವನು ಕಲ್ಲನ್ನು ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ. ಜೆಸಿಬಿಯನ್ನು ವಾಪಸು ಕಳಿಸಿದ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮರುವಾರ ನಾನೇ ಹೋಗಿ ಆ ಕಲ್ಲು ಮುಟ್ಟಿ ಬಂದಿದ್ದೇನೆ. ರಾತ್ರಿ ದಾಖಲಾದ ಜಾಗ ಭವ್ಯಶ್ರೀಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಎಲ್ಲರೆದುರು ಅವಳು ಕಲ್ಲಿನ ನಡುನೆತ್ತಿಯ ಮೇಲೆ ಕೋಲಿಟ್ಟು ಇನ್ನೊಮ್ಮೆ ಅಳೆದಳು. ಎರಡು ಅಳತೆಗಳ ನಡುವಿನ ವ್ಯತ್ಯಾಸ ಒಂದು ಸೆಂಟಿಮೀಟರ್.